ಮಹಶೀರ್ ಎಂಬ ಹೆಸರಿನ ಚರಿತ್ರೆ

ಕಾವೇರಿಯ ಆಳವಾದ ಮಡುಗಳಲ್ಲಿ ವಾಸಿಸುವ ಒಂದು ಹಿರಿಯ ಮೀನನ್ನು ದಡದ ಜನರು ‘ಬಿಳಿಮೀನು’ ಎಂದು ಕರೆಯುತ್ತ ಬಂದಿರುವರು. ತುಳುನಾಡಿನ ಹೊಳೆಗಳಲ್ಲಿ ಅದರ ದಾಯಾದಿಯಾದ ಮೀನಿಗೆ ‘ಪೆರುವೊಳು’ ಎಂದು ಹೆಸರು. ಶೃಂಗೇರಿಯಲ್ಲಿ ತುಂಗೆಯ ಸೋಪಾನದ ಬಳಿ ಯಾತ್ರಿಕರು ಎರಚುವ ಮಂಡಕ್ಕಿಗೆ ಗುಂಪುಗೂಡಿ ಬರುವವು ‘ದೇವರ ಮೀನು’ಗಳು. ಗಂಗಾನದಿಯ ಉಪನದಿಗಳಲ್ಲಿಯೂ ಹಿಮಾಲಯದ ತಪ್ಪಲಿನ ಹೊಳೆಗಳಲ್ಲಿಯೂ ಇವುಗಳ ಜ್ಞಾತಿಗಳಿಗೆ ಬೇರೆ ಬೇರೆ ಹೆಸರುಗಳಿವೆ. ಆದರೆ ಇಂಗ್ಲಿಷ್ ಪುಸ್ತಕಗಳನ್ನು ತೆರೆದರೆ ಇವೆಲ್ಲಕ್ಕೂ ಇರುವುದು ಒಂದೇ ಹೆಸರು: ಮಹಶೀರ್. ಆ ಹೆಸರು ಎಲ್ಲಿಂದ ಬಂದಿತು, ಒಂದೆಡೆಯ ಹೆಸರು ದೇಶದ ಇಷ್ಟು ಮೀನುಗಳ ಮೇಲೆ ಹೇಗೆ ಹರಡಿತು, ಹಾಗೆ ಹರಡಿದುದರಿಂದ ಕಾವೇರಿಗೆ ಯಾವ ನಷ್ಟವುಂಟಾಯಿತು ಎಂಬುದು ವಿಚಾರಾರ್ಹವಾದ ಸಂಗತಿಯಾಗಿದೆ.

ಮೊದಲು ಶಬ್ದದ ವಿಚಾರ. ಇಂಗ್ಲಿಷರ ಮಾತಿನಲ್ಲಿ ಸೇರಿಹೋದ ಭಾರತೀಯ ಶಬ್ದಗಳನ್ನು ಸಂಗ್ರಹಿಸಿ ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ೧೮೮೬ರಲ್ಲಿ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶವನ್ನು ಪ್ರಕಟಿಸಿದರು. ಈ ಶಬ್ದದ ಮೂಲವು ಸಂದಿಗ್ಧವೆಂದು ಅವರು ಅಲ್ಲಿ ಒಪ್ಪಿಕೊಂಡಿದ್ದಾರೆ. ದೊಡ್ಡ ತಲೆಯುಳ್ಳದ್ದೆಂಬ ಅರ್ಥದ ‘ಮಹಾಶಿರಸ್’ ಆಗಿರಬಹುದು; ದೊಡ್ಡ ಹುರುಪೆಯುಳ್ಳದ್ದೆಂಬ ಅರ್ಥದ ‘ಮಹಾಶಲ್ಕ’ ಆಗಿರಬಹುದು; ಎರಡನೆಯದೇ ಹೆಚ್ಚು ಸಂಭವನೀಯ ಎಂಬುದು ಅವರ ಮತ. ಢಾಕಾ ಪಟ್ಟಣದಲ್ಲಿ ಈ ಮೀನಿನ ಹುರುಪೆಗಳಿಂದ ಇಸ್ಪೀಟಿನ ಎಲೆಗಳನ್ನು ಮಾಡುತ್ತಿದ್ದರೆಂದು ಬುಕಾನನ್ ಎಂಬ ವೈದ್ಯನು ಬರೆದಿಟ್ಟಿರುವುದು ಅದಕ್ಕೆ ಆಧಾರ. ‘ಮಹಾ’ ಮತ್ತು ‘ಆಸ್ಯ’ ಎಂಬ ಪದಗಳು ಕೂಡಿ ದೊಡ್ಡ ಬಾಯಿಯದು ಎಂಬ ಅರ್ಥವು ಬಂದಿರಬಹುದೆಂಬ ಥಾಮಸ್ ಎಂಬವರ ಊಹೆಯನ್ನೂ ಅವರು ಸೇರಿಸಿದ್ದಾರೆ. ಪಾರಸಿಯ ‘ಮಾಹೀ’ ಮತ್ತು ‘ಶೇರ್’ ಶಬ್ದಗಳನ್ನು ಕೂಡಿಸಿ ‘ಮೀನುಗಳಲ್ಲಿ ಸಿಂಹ’ ಎಂದು ಹೇಳುವವರೂ ಉಂಟು.

ಇವುಗಳನ್ನು ವ್ಯಾಕರಣದ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಸಂಸ್ಕೃತದ ‘ವಲ್ಕಲ’ವು ಪ್ರಾಕೃತದಲ್ಲಿ ‘ವಕ್ಕಲ’ವಾಗುವಂತೆ ‘ಶಲ್ಕ’ವು ‘ಸಕ್ಕ’ವಾಗಬೇಕು, ಕೊನೆಯ ರೇಫಕ್ಕೆ ಅಲ್ಲಿ ಎಡೆಯಿಲ್ಲ. ‘ಆಸ್ಯ’ವು ‘ಅಸ್ಸ’ವಾಗುವುದು, ಅಲ್ಲಿಯೂ ರೇಫವಿಲ್ಲ. ‘ಶಿರಸ್’ ಶಬ್ದವು ‘ಸಿರ’ವಾಗಿ ‘ಸಿರ್’ ಎಂದು ನಿಲ್ಲುವುದು ನೇರವಾದ ಮಾರ್ಗವೇ ಸರಿ. ಆದರೆ ಈ ಮೀನಿನಲ್ಲಿ ನೋಡುವವರ ಕಣ್ಣನ್ನು ಮೊದಲು ಸೆಳೆಯುವುದು ತಲೆಯಲ್ಲ, ದೊಡ್ಡ ಹುರುಪೆಗಳು. ಹೀಗೆ ಅರ್ಥವು ಒಂದು ಕಡೆಗೆ ಎಳೆದರೆ ಧ್ವನಿಯು ಇನ್ನೊಂದು ಕಡೆಗೆ ಎಳೆಯುತ್ತದೆ. ಆದರೆ ಅದೇ ಕೋಶದಲ್ಲಿ ‘ಮಹಾಸೌಲಾ’ ಎಂಬ ಮತ್ತೊಂದು ಹಿಂದೀರೂಪವನ್ನೂ ಕೊಟ್ಟಿದ್ದಾರೆ. ಅಮರಸಿಂಹನು ಹೇಳಿರುವ ಮೀನುಗಳಲ್ಲಿ ‘ಶಕುಲ’ವೂ ಒಂದು. ಸ್ವರಗಳ ನಡುವಣ ಕಕಾರವು ಲೋಪವಾಗುವ ನಿಯಮದಂತೆ ಅದು ‘ಸಉಲ’ವಾಗಿ ‘ಸೌಲ್’ ಆಗುವುದು. ಹಿಂದಿಯಲ್ಲಿ ಈ ಹೆಸರು ಕೊರವ ಮೀನಿಗೆ ಇಂದಿಗೂ ಸಲ್ಲುತ್ತದೆ. ಆದುದರಿಂದ ‘ಮಹಾಸೌಲಾ’ ಎಂದರೆ ಹಿರಿಯ ಶಕುಲವೆಂದಾಗಿ, ಕುಲವೇ ಬೇರೆಯಾದ ಒಂದು ಮೀನಿನ ಹೆಸರಿಗೆ ‘ಮಹಾ’ ಎಂಬ ವಿಶೇಷಣವನ್ನು ಕೂಡಿಸಿ ಈ ಮೀನಿಗೆ ಇಟ್ಟಿರಬಹುದೆಂದು ಊಹಿಸಲು ಅವಕಾಶವಿದೆ. ಹಾಗಿದ್ದರೆ ಹೆಸರಿನ ವಲಸೆಯು ಹುಟ್ಟಿನಲ್ಲಿಯೇ ಪ್ರಾರಂಭವಾಗಿತ್ತೆನ್ನಬೇಕು.

ಇಂತಹ ಸಂದಿಗ್ಧವು ನಮ್ಮ ಪ್ರಾಚೀನರಿಗೂ ಹೊಸದಾಗಿರಲಿಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಪಿತೃಗಳಿಗೆ ತೃಪ್ತಿಕರವಾದ ಪದಾರ್ಥಗಳನ್ನು ಹೇಳುವಾಗ ‘ಮಹಾಶಲ್ಕ’ ಎಂಬ ಮಾತು ಬಂದಿದೆ. ಅದು ಒಂದು ಬಗೆಯ ಮೀನೆಂದು ಕೆಲವರೂ, ಸೀಗಡಿಯೆಂದು ಕೆಲವರೂ ಅರ್ಥಮಾಡಿರುವರು. ಒಂದು ಗುಣವನ್ನು ಹಿಡಿದು ಇಟ್ಟ ಹೆಸರು ಆ ಗುಣವುಳ್ಳ ಎಲ್ಲ ಪ್ರಾಣಿಗಳಿಗೂ ಹೊಂದಿಕೊಳ್ಳುವುದೇ ಇದಕ್ಕೆ ಕಾರಣ. ಯೌಗಿಕವಾದ ಶಬ್ದವು ರೂಢಿಗೆ ಬರುವಾಗ ಯಾವ ವಸ್ತುವಿನಲ್ಲಿ ನೆಲೆನಿಲ್ಲುವುದೆಂಬುದು ಆಡುವವರ ನೆಲವನ್ನು ಅವಲಂಬಿಸಿದೆ.

ಈ ಮೀನುಗಳನ್ನು ಶಾಸ್ತ್ರೀಯವಾಗಿ ಮೊದಲು ವರ್ಣಿಸಿದವನು ಮೇಲೆ ಹೇಳಿದ ಫ್ರಾನ್ಸಿಸ್ ಬುಕಾನನ್. ಇವನು ಕನ್ನಡಿಗರಿಗೆ ಅಪರಿಚಿತನಲ್ಲ. ಶ್ರೀರಂಗಪಟ್ಟಣವು ಬಿದ್ದ ತರುವಾಯ ೧೮೦೦-೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳನ್ನು ಸುತ್ತಿ, ಕಂಡುದನ್ನು ೧೮೦೭ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚುಮಾಡಿಸಿದವನೇ ಈತ. ಮುಂದೆ ಹ್ಯಾಮಿಲ್ಟನ್ ಎಂಬ ತಾಯಿಯ ಮನೆತನದ ಹೆಸರನ್ನು ಧರಿಸಿ ಗಂಗಾನದಿಯ ಮೀನುಗಳನ್ನು ಕುರಿತು ೧೮೨೨ರಲ್ಲಿ ಒಂದು ಗ್ರಂಥವನ್ನು ಹೊರಡಿಸಿದನು. ಅದರಲ್ಲಿ ದೊಡ್ಡ ಹುರುಪೆಯ ಮೂರು ಮೀನುಗಳನ್ನು ಬೇರೆ ಬೇರೆಯಾಗಿ ವರ್ಣಿಸಿದ್ದಾನೆ: ಮಹಾನಂದಾ ನದಿಯ ‘ಟಾರ್’, ಕೋಸೀ ನದಿಯ ‘ಮೋಸಲ್’, ಪೂರ್ವಬಂಗಾಳದ ‘ಪುಟಿಟೋರ’. ಆಯಾ ನೆಲದ ಮಾತನ್ನೇ ಶಾಸ್ತ್ರನಾಮವನ್ನಾಗಿ ಮಾಡಿಕೊಂಡುದು ಇವನ ಹೆಚ್ಚಳ. ೧೮೩೪ರಲ್ಲಿ ಗ್ರೇ ಎಂಬವನು ‘ಟಾರ್’ ಎಂಬ ಮಾತನ್ನು ಇಡೀ ಕುಲದ ಹೆಸರನ್ನಾಗಿ ಮಾಡಿದನು. ಮಹಾನಂದೆಯ ದಡದ ಒಂದು ಮಾತು ಹೀಗೆ ಲೋಕದ ಎಲ್ಲ ವಿದ್ವಾಂಸರ ಲೇಖನಿಗೆ ಬಂದಿತು.

೧೮೩೯ರಲ್ಲಿ ಕರ್ನಲ್ ಸೈಕ್ಸ್ ಎಂಬವನು ದಖ್ಖಣದ ಮೀನುಗಳನ್ನು ವರ್ಣಿಸಿದನು. ಪುಣೆಯ ಹತ್ತಿರದ ಮುಳಾ-ಮುಠಾ ನದಿಯ ಒಂದು ಮೀನಿಗೆ ‘ಖುದ್ರೀ’ ಎಂದೂ, ಶಿರೂರಿನ ಬಳಿಯ ಘೋಡ್ ನದಿಯ ಇನ್ನೊಂದಕ್ಕೆ ‘ಮುಸುಲ್ಲಾ’ ಎಂದೂ ಹೆಸರಿಟ್ಟನು. ಈ ನದಿಗಳೆರಡೂ ಭೀಮೆಯನ್ನು ಸೇರಿ ಕೃಷ್ಣೆಗೆ ಹೋಗತಕ್ಕವು. ಕಾವೇರಿಗೂ ಇವುಗಳಿಗೂ ಸಂಬಂಧವಿಲ್ಲ. ಕೋಸಿಯ ‘ಮೋಸಲ್’, ಘೋಡಿನ ‘ಮುಸುಲ್ಲಾ’, ಹಿಂದಿಯ ‘ಮಹಾಸೌಲಾ’ ಈ ಮೂರರ ಸಾದೃಶ್ಯವು ಕಿವಿಗೆ ಹೊಳೆಯದೆ ಇರದು. ಒಂದೇ ದೇಶ್ಯಶಬ್ದವು ದೂರದೂರದ ಎರಡು ನದಿಗಳಲ್ಲಿ ಎರಡು ಬೇರೆ ಮೀನುಗಳ ಮೇಲೆ ನಿಂತು ಎರಡು ಶಾಸ್ತ್ರನಾಮಗಳಾಯಿತೆಂದು ತೋರುತ್ತದೆ. ಇದರ ಫಲವನ್ನು ಮುಂದೆ ನೋಡಬಹುದು.

ಇಷ್ಟಾದರೂ ‘ಮಹಶೀರ್’ ಎಂಬುದು ಉತ್ತರದೇಶದ ಮಾತಾಗಿಯೇ ಇದ್ದಿತು. ಅದನ್ನು ದಕ್ಷಿಣಕ್ಕೆ ತಂದವರು ಪಂಡಿತರಲ್ಲ. ಗಾಳ ಹಾಕುವುದರಲ್ಲಿ ಆಸಕ್ತರಾದ ಆಂಗ್ಲ ಅಧಿಕಾರಿಗಳು. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸನು ಗಾಳದ ಬೇಟೆಯನ್ನು ಕುರಿತು ಬರೆದ ಪ್ರಸಿದ್ಧವಾದ ಪುಸ್ತಕವು ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅಂದಿನಿಂದ ಹಿಮಾಲಯದ ಹೊಳೆಯ ಮೀನೂ ಪಶ್ಚಿಮಘಟ್ಟದ ಹೊಳೆಯ ಮೀನೂ ಬೇಟೆಗಾರರ ಬಾಯಲ್ಲಿ ಒಂದೇ ಆದವು. ಬೇಟೆಗಾರನಿಗೆ ಬೇಕಾದುದು ಮೀನಿನ ಮೀಸೆ, ತುಟಿ, ಹುರುಪೆಗಳ ಲೆಕ್ಕವಲ್ಲ. ಗಾಳಕ್ಕೆ ಬಿದ್ದ ಮೇಲೆ ಅದು ಪ್ರವಾಹದಲ್ಲಿ ಎಷ್ಟು ಹೊತ್ತು ಸೆಣಸುತ್ತದೆಂಬುದು. ಆ ಗುಣದಲ್ಲಿ ಇವೆಲ್ಲವೂ ಸಮಾನವಾಗಿದ್ದುದರಿಂದ ಹೆಸರೂ ಸಮಾನವಾಯಿತು. ತಮ್ಮ ನಾಡಿನ ಸಾಲ್ಮನ್ ಮೀನನ್ನು ನೆನೆದು ಇದನ್ನು ‘ಭಾರತದ ಸಾಲ್ಮನ್’ ಎಂದವರೂ ಇದ್ದರು. ಇದು ಗೆಂಡೆಮೀನಿನ ವಂಶದ್ದಾಗಿದ್ದು ಸಾಲ್ಮನ್ ವಂಶಕ್ಕೆ ಏನೂ ಸಂಬಂಧಪಟ್ಟುದಲ್ಲ. ಅದೇ ಬಿರುದನ್ನು ಸಮುದ್ರದ ರಾವಸ್ ಮೀನಿಗೂ ಕೊಟ್ಟಿರುವುದನ್ನು ನೋಡಿದರೆ, ಪರದೇಶದಲ್ಲಿರುವವನು ಮನೆಯ ಹೆಸರುಗಳನ್ನು ಎಷ್ಟು ಧಾರಾಳವಾಗಿ ಹಂಚುವನೆಂಬುದು ತಿಳಿಯುತ್ತದೆ.

ಶಾಸ್ತ್ರಜ್ಞರೂ ಈ ಪ್ರವಾಹಕ್ಕೆ ಅಡ್ಡಬರಲಿಲ್ಲ. ೧೮೭೫ರಿಂದ ೧೮೭೮ರವರೆಗೆ ಭಾಗಭಾಗವಾಗಿ ಹೊರಬಂದ ‘ಭಾರತದ ಮೀನುಗಳು’ ಎಂಬ ಮಹಾಗ್ರಂಥದಲ್ಲಿ ಫ್ರಾನ್ಸಿಸ್ ಡೇ ಎಂಬವನು, ಹಿಂದಿನವರು ಬೇರೆಬೇರೆಯೆಂದಿದ್ದ ಮಹಶೀರುಗಳನ್ನು ಒಂದೇ ಜಾತಿಯ ಹೆಸರಿನ ಕೆಳಗೆ ತಂದನು. ಅವನ ನಿರ್ಣಯಕ್ಕೆ ಕಾರಣವಿಲ್ಲದೆ ಇರಲಿಲ್ಲ. ಈ ಮೀನುಗಳ ಮೈಕಟ್ಟು ವಯಸ್ಸಿನಿಂದಲೂ ನೀರಿನ ರಭಸದಿಂದಲೂ ಬದಲಾಗುತ್ತದೆ. ಒಂದೇ ನದಿಯಲ್ಲಿ ಕೆಲವಕ್ಕೆ ತುಟಿಗಳು ದಪ್ಪನಾಗಿ ಜೋಲುತ್ತವೆ, ಕೆಲವಕ್ಕೆ ಇಲ್ಲ. ಆದರೆ ಡೇಯ ಪ್ರಾಮಾಣ್ಯವು ದೊಡ್ಡದಾಗಿದ್ದುದರಿಂದ, ಬೇಟೆಗಾರರ ಸಡಿಲವಾದ ಮಾತಿಗೆ ಶಾಸ್ತ್ರದ ಮುದ್ರೆಯೇ ಬಿದ್ದಂತಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಗಂಟನ್ನು ಬಿಡಿಸಲು ಯತ್ನಿಸಿದವರಲ್ಲಿ ಮುಖ್ಯರು ಸುಂದರಲಾಲ ಹೋರಾ ಅವರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮೀನುಗಳ ವಿಧಗಳನ್ನೂ ಗಾಳದ ವಿನೋದವನ್ನೂ ವರ್ಣಿಸುವ ‘ಮತ್ಸ್ಯವಿನೋದ’ವನ್ನು ಕುರಿತು ೧೯೫೧ರಲ್ಲಿ ಲೇಖನ ಬರೆದ ವಿದ್ವಾಂಸರೇ ಇವರು. ಬೊಂಬಾಯಿಯ ನಿಸರ್ಗೇತಿಹಾಸ ಸಂಘದ ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯಲ್ಲಿ ಅವರು ಡೇಯು ಬೆರಸಿದ್ದ ಜಾತಿಗಳನ್ನು ಮತ್ತೆ ಬೇರ್ಪಡಿಸಿದರು. ಆದರೆ ಕಾವೇರಿಯ ಡುಬ್ಬದ ಮೀನಿನ ಸರದಿ ಬಂದಾಗ, ಅದಕ್ಕೆ ಸೈಕ್ಸನು ಘೋಡ್ ನದಿಯ ಮೀನಿಗೆ ಇಟ್ಟಿದ್ದ ‘ಮುಸುಲ್ಲಾ’ ಎಂಬ ಹೆಸರೇ ಸಂದಿತು. ಈ ಶತಮಾನದಲ್ಲಿ ಪುನಃ ಪರಿಶೀಲಿಸಿದಾಗ ಆ ಘೋಡ್ ನದಿಯ ಮೀನು ಟಾರ್ ಕುಲದ್ದೇ ಅಲ್ಲ, ‘ಹಿಪ್ಸೆಲೋಬಾರ್ಬಸ್’ ಎಂಬ ಬೇರೊಂದು ಕುಲದ್ದೆಂದು ಗೊತ್ತಾಯಿತು. ಅಂದರೆ ಕಾವೇರಿಯ ಅತಿ ಪ್ರಸಿದ್ಧವಾದ ಮೀನು ದಶಕಗಳ ಕಾಲ ಪರರ ಹೆಸರಿನಲ್ಲಿ ಬಾಳಿತು. ತನ್ನದೆಂಬ ಹೆಸರು ಅದಕ್ಕೆ ಇರಲಿಲ್ಲ.

ಹೆಸರಿಲ್ಲದ ಈ ಮೀನೇನೂ ಸಣ್ಣದಲ್ಲ. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು ೧೨೦ ಪೌಂಡು ತೂಗಿತು. ಕಿತ್ತಳೆ ಬಣ್ಣದ ರೆಕ್ಕೆಗಳು, ತಲೆಯ ಹಿಂದೆ ಎದ್ದ ಡುಬ್ಬ, ಇವು ಅದರ ಗುರುತುಗಳು. ಅಣೆಕಟ್ಟುಗಳು, ಮರಳು ತೆಗೆಯುವುದು, ಮದ್ದುಸಿಡಿಸಿ ಮೀನು ಹಿಡಿಯುವುದು ಇವುಗಳಿಂದ ನದಿಯ ಮೀನು ಕ್ಷೀಣಿಸುತ್ತ ಬಂದಾಗ, ನದಿಗೆ ಮಹಶೀರನ್ನು ಮರಳಿ ತುಂಬಬೇಕೆಂಬ ಸದುದ್ದೇಶವು ಹುಟ್ಟಿತು. ೧೯೭೦ರ ದಶಕದಲ್ಲಿ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ಸಂಸ್ಥೆಯ ಮೀನುಮರಿ ಕೇಂದ್ರವು ಮಹಶೀರಿನ ಮರಿಗಳನ್ನು ಕೃತಕ ವಿಧಾನದಿಂದ ಬೆಳೆಸಿ ಅನೇಕ ನದಿಗಳಿಗೆ ಒದಗಿಸತೊಡಗಿತು. ಕಾವೇರಿಗೂ ಅವು ಬಂದವು. ಆದರೆ ಅಲ್ಲಿ ಬೆಳೆಸಿದ್ದು ಸೈಕ್ಸನ ‘ಖುದ್ರೀ’, ಅಂದರೆ ಕೃಷ್ಣಾಸೀಮೆಯ ನೀಲಿ ರೆಕ್ಕೆಯ ಮೀನು. ಕಾಗದದ ಮೇಲೆ ಮಹಶೀರು ಹೋಗಿತ್ತು, ಮಹಶೀರು ಬಂದಿತು, ಲೆಕ್ಕವು ಸರಿಯಾಯಿತು. ನೀರಿನಲ್ಲಿ ಮಾತ್ರ ಹೋದದ್ದು ಒಂದು, ಬಂದದ್ದು ಇನ್ನೊಂದು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ನಿಯಮವಿದ್ದ ಗಾಲಿಬೋರೆಯ ಬಿಡಾರದಲ್ಲಿ ೧೯೯೮ರಿಂದ ೨೦೧೨ರವರೆಗೆ ಬರೆದಿಟ್ಟ ಲೆಕ್ಕಗಳನ್ನು ಪರಿಶೀಲಿಸಿದವರು ೨೦೧೫ರಲ್ಲಿ ಪ್ರಕಟಿಸಿದುದೇನೆಂದರೆ, ನೀಲಿ ರೆಕ್ಕೆಯವು ಹೆಚ್ಚುತ್ತ ಹೋದವು, ಡುಬ್ಬದವು ಕುಗ್ಗುತ್ತ ಕಣ್ಮರೆಯಾಗುತ್ತ ಬಂದವು. ಒಟ್ಟು ಮಹಶೀರುಗಳನ್ನು ಎಣಿಸಿದವನಿಗೆ ನದಿಯು ಸುಭಿಕ್ಷವಾಗಿಯೇ ಕಂಡೀತು. ಬಗೆಬಗೆಯಾಗಿ ಎಣಿಸಿದವನಿಗೇ ನಷ್ಟವು ತಿಳಿಯುವುದು.

ಕೊನೆಗೆ ಆ ಮೀನಿಗೆ ಹೆಸರು ದೊರೆತ ಬಗೆಯೂ ವಿಚಿತ್ರವಾದುದೇ. ಕೇರಳದ ಚಿನ್ನಾರ್ ಅರಣ್ಯದಲ್ಲಿ ಹರಿದು ಕಾವೇರಿಯ ಉಪನದಿಯನ್ನು ಕೂಡುವ ಪಾಂಬಾರಿನಲ್ಲಿ ಸಿಕ್ಕಿದ ಎಳೆಯ ಮೀನುಗಳನ್ನು ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿದ್ವಾಂಸರು ಹೊಸ ಜಾತಿಯೆಂದು ೨೦೧೧ರಲ್ಲಿ ವರ್ಣಿಸಿ, ಮತ್ಸ್ಯಶಾಸ್ತ್ರಜ್ಞೆಯಾದ ರೇಮಾದೇವಿಯವರ ಗೌರವಾರ್ಥವಾಗಿ ‘ಟಾರ್ ರೇಮಾದೇವಿ’ ಎಂದು ಕರೆದರು. ಇವು ಕಾವೇರಿಯ ಮಹಾಮತ್ಸ್ಯದ ಮರಿಗಳೆಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಮೋಯಾರ್ ನದಿಯಲ್ಲಿ ಉಳಿದಿದ್ದ ಡುಬ್ಬದ ಮೀನುಗಳನ್ನು ಹಿಡಿದು, ಅಂಗಲಕ್ಷಣಗಳನ್ನೂ ವಂಶವಾಹಿಗಳನ್ನೂ ಹೋಲಿಸಿ, ಎರಡೂ ಒಂದೇ ಎಂದು ೨೦೧೮ರಲ್ಲಿ ನಿರ್ಣಯಿಸಿದರು. ಜಾತಿಯ ಹೆಸರು ನಿಶ್ಚಿತವಾಗದೆ ಅಪಾಯದ ಪಟ್ಟಿಯಲ್ಲಿ ಸ್ಥಾನ ಕೊಡುವಂತಿರಲಿಲ್ಲ. ಹೆಸರು ನಿಶ್ಚಯವಾದ ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಘವು ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ವರ್ಗಕ್ಕೆ ಸೇರಿಸಿತು. ನಾಮಕರಣವೂ ಮರಣಭಯದ ಘೋಷಣೆಯೂ ಒಟ್ಟಿಗೆ ಬಂದವು.

ಹಾಗೆಂದು ಅನೇಕವನ್ನು ಒಂದೇ ಮಾತಿನಲ್ಲಿ ಹೇಳುವುದೇ ದೋಷವೆನ್ನಲಾಗದು. ಶೃಂಗೇರಿ, ರಾಮನಾಥಪುರ, ಶಿಶಿಲಗಳ ದೇವಸ್ಥಾನದ ಮಡುಗಳಲ್ಲಿ ಇರುವ ಮೀನು ಯಾವ ಜಾತಿಯದೆಂದು ಭಕ್ತರು ವಿಚಾರಿಸುವುದಿಲ್ಲ. ಆ ನೀರಿನಲ್ಲಿರುವುದೆಲ್ಲ ದೇವರ ಮೀನೇ. ಆದರೆ ಆ ಹೆಸರು ಮಡುವಿಗೆ ಬಂದುದೆಲ್ಲವನ್ನೂ ಕಾಯುವುದಕ್ಕೆ ಹುಟ್ಟಿದುದು. ಒಂದರ ಬದಲಿಗೆ ಇನ್ನೊಂದನ್ನು ತಂದಿಡುವುದಕ್ಕೆ ಅದು ಅವಕಾಶ ಕೊಡುವುದಿಲ್ಲ. ಮಹಶೀರ್ ಎಂಬ ಹೆಸರಾದರೋ ಹಿಡಿಯುವವರ ಬಾಯಿಂದ ಹರಡಿ, ತುಂಬುವವರ ಲೆಕ್ಕಕ್ಕೆ ಸೇರಿ, ಒಂದನ್ನು ಇನ್ನೊಂದರ ಮರೆಯಲ್ಲಿ ಅಡಗಿಸಿತು. ಸಾಮಾನ್ಯನಾಮವು ವ್ಯವಹಾರಕ್ಕೆ ಸಾಕು. ರಕ್ಷಣೆಗೆ ವಿಶೇಷನಾಮವು ಬೇಕು. ಮೋಯಾರಿನಂತಹ ಕೆಲವೇ ಎಡೆಗಳಲ್ಲಿ ಉಳಿದಿರುವ ಕಾವೇರಿಯ ಆ ಮೀನನ್ನು ಇನ್ನು ಮುಂದಾದರೂ ಅದರ ಸ್ವಂತ ಹೆಸರಿನಿಂದ ಎಣಿಸುವುದು ಅದನ್ನು ಉಳಿಸುವ ಕೆಲಸದ ಮೊದಲ ಮೆಟ್ಟಿಲು.