ಯೂನಿಟ್ಟಿನ ಲೆಕ್ಕ: ಪಶ್ಚಿಮ ಬೆಂಗಳೂರಿನ ಮನೆಗಳಲ್ಲಿ ವಿದ್ಯುತ್ತಿನ ಜಮಾಖರ್ಚು

ಮನೆಯ ವಿದ್ಯುತ್ ಬಳಕೆಯ ಲೆಕ್ಕಪರಿಶೋಧನೆ ಎಂದರೆ, ಒಂದು ಮನೆಯಲ್ಲಿ ತಿಂಗಳಿಗೆ ಉರಿದ ಯೂನಿಟ್ಟುಗಳು ಯಾವ ಯಾವ ಕೆಲಸಕ್ಕೆ ಹಂಚಿಹೋದವು, ಅವುಗಳಲ್ಲಿ ಅಗತ್ಯಕ್ಕೆ ಸಂದದ್ದೆಷ್ಟು, ಪೋಲಾದದ್ದೆಷ್ಟು, ಅವನ್ನು ಉತ್ಪಾದಿಸುವಾಗ ನೆಲ, ನೀರು, ಗಾಳಿಗಳ ಮೇಲೆ ಬಿದ್ದ ಭಾರವೆಷ್ಟು ಎಂಬುದನ್ನು ಕ್ರಮವಾಗಿ ಕಂಡುಕೊಳ್ಳುವ ಕೆಲಸ. ಸಾವಿರ ವ್ಯಾಟಿನ ಉಪಕರಣವೊಂದು ಒಂದು ಗಂಟೆ ಕಾಲ ಬಳಸುವ ವಿದ್ಯುತ್ತೇ ಒಂದು ಯೂನಿಟ್. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಮನೆಗಳಲ್ಲಿ ಈ ಯೂನಿಟ್ಟನ್ನು ಅಳೆಯುವುದು ದಶಕಗಳಿಂದ ನಡೆದು ಬಂದಿದೆಯಾದರೂ, ಆ ಅಳತೆಯನ್ನು ಹಣ ವಸೂಲಿಗೆ ಬಳಸಿದಷ್ಟು ಶ್ರದ್ಧೆಯಿಂದ ಪರಿಸರದ ಲೆಕ್ಕಕ್ಕೆ ಬಳಸಿದ್ದು ಬಹಳ ಕಡಿಮೆ.

1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳು ಅದೇ ಕಾವೇರಿಯ ಬಲದಿಂದ ಬೆಳಗಿದವು. ಆಗ ನಗರದ ಪಶ್ಚಿಮಕ್ಕೆ ಹಳ್ಳಿಗಳು, ಕೆರೆಗಳು, ತೋಟಗಳು ಮಾತ್ರ ಇದ್ದವು. ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತು ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ರೂಪುಗೊಳ್ಳತೊಡಗಿದ್ದು 1949ರಲ್ಲಿ, ಅಂದರೆ ಜೋಗದ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿದ ಮರುವರ್ಷ. ಹೀಗಾಗಿ ಈ ಭಾಗದ ಮೊದಲ ತಲೆಮಾರಿನ ಮನೆಗಳು ಬೆಳಕನ್ನು ಪಡೆದದ್ದು ಕಾವೇರಿ ಮತ್ತು ಶರಾವತಿಗಳ ನೀರಿನಿಂದ. ಆ ವಿದ್ಯುತ್ತಿಗೆ ಹೊಗೆ ಇರಲಿಲ್ಲ; ಆದರೆ ಬೆಲೆ ಇರಲಿಲ್ಲವೆಂದು ತಿಳಿಯುವುದು ತಪ್ಪು. 1964ರಲ್ಲಿ ಮುಗಿದ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮಲೆನಾಡಿನ 300 ಚದರ ಕಿಲೋಮೀಟರಿಗೂ ಹೆಚ್ಚು ನೆಲವನ್ನು, ಅದರೊಂದಿಗೆ ಕಾಡು, ಅಡಿಕೆ ತೋಟ, ಊರುಗಳನ್ನು ಮುಳುಗಿಸಿತು. ಬೆಂಗಳೂರಿನ ಯಾವ ಮನೆಯ ಬಿಲ್ಲಿನಲ್ಲೂ ಆ ಖರ್ಚು ಕಾಣಿಸಿಕೊಳ್ಳಲಿಲ್ಲ.

ಅಳೆಯುವ ಸಾಧನವೂ ಈ ಪಶ್ಚಿಮ ಭಾಗಕ್ಕೆ ಅಪರಿಚಿತವಲ್ಲ. ಮೈಸೂರು ರಸ್ತೆಯಲ್ಲಿ ಸಂಸ್ಥಾನದ ಕಾಲದಲ್ಲೇ ಆರಂಭವಾದ ಸರ್ಕಾರಿ ವಿದ್ಯುತ್ ಕಾರ್ಖಾನೆ ಮುಂದೆ ಕವಿಕಾ ಎಂಬ ಹೆಸರಿನ ಕಂಪನಿಯಾಗಿ ಟ್ರಾನ್ಸ್‌ಫಾರ್ಮರುಗಳನ್ನು ತಯಾರಿಸುತ್ತ ಬಂದರೆ, ಅದೇ ರಸ್ತೆಯ ರೆಮ್ಕೊ, ಅಂದರೆ ರೇಡಿಯೋ ಅಂಡ್ ಎಲೆಕ್ಟ್ರಿಕಲ್ಸ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ, ಮನೆಗಳ ವಿದ್ಯುತ್ ಮೀಟರುಗಳನ್ನು ತಯಾರಿಸುತ್ತಿತ್ತು. ರೆಮ್ಕೊ ಆ ಮೇಲೆ ಬಿಎಚ್‌ಇಎಲ್ ವಶಕ್ಕೆ ಹೋಯಿತಾದರೂ ವಿಜಯನಗರದ ಮಗ್ಗುಲಿನ ರೆಮ್ಕೊ ಬಡಾವಣೆಯಲ್ಲಿ ಅದರ ಹೆಸರು ಉಳಿದಿದೆ. ಹಳೆಯ ಮೀಟರಿನೊಳಗೆ ಎರಡು ಸುರುಳಿಗಳ ನಡುವೆ ಅಲ್ಯೂಮಿನಿಯಮ್ಮಿನ ತೆಳು ತಟ್ಟೆಯೊಂದು ಇರುತ್ತಿತ್ತು. ಮನೆಯಲ್ಲಿ ವಿದ್ಯುತ್ತು ಹರಿದಷ್ಟು ವೇಗವಾಗಿ ಅದು ತಿರುಗುತ್ತಿತ್ತು, ಒಂದು ಯೂನಿಟ್ಟಿಗೆ ಎಷ್ಟು ಸುತ್ತು ಎಂಬುದು ಮೀಟರಿನ ಮುಖದ ಮೇಲೆ ಅಚ್ಚಾಗಿರುತ್ತಿತ್ತು. ಎಲ್ಲ ಸ್ವಿಚ್ಚುಗಳನ್ನು ಆರಿಸಿ ಒಂದು ಉಪಕರಣವನ್ನು ಮಾತ್ರ ಹಚ್ಚಿ, ಗಡಿಯಾರ ಹಿಡಿದು ತಟ್ಟೆಯ ಸುತ್ತುಗಳನ್ನು ಎಣಿಸಿದರೆ ಆ ಉಪಕರಣದ ಹಸಿವು ಎಷ್ಟೆಂದು ತಿಳಿಯುತ್ತಿತ್ತು. ಎಲ್ಲವನ್ನೂ ಆರಿಸಿದ ಮೇಲೂ ತಟ್ಟೆ ತಿರುಗುತ್ತಿದ್ದರೆ ಎಲ್ಲೋ ಸೋರಿಕೆ ಇದೆಯೆಂದೇ ಅರ್ಥ. ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ತಟ್ಟೆಯ ಜಾಗಕ್ಕೆ ಮಿನುಗುವ ಕೆಂಪು ದೀಪ ಬಂದಿದೆ, ಎಣಿಕೆಯ ವಿಧಾನ ಬದಲಾಗಿಲ್ಲ.

ಅಗ್ಗದ ಜಲವಿದ್ಯುತ್ತಿನ ಆ ಕಾಲದಲ್ಲಿ ವಿದ್ಯುತ್ ಇಲಾಖೆಯ ಗಮನ ಉಳಿತಾಯಕ್ಕಿಂತ ಬಳಕೆಯನ್ನು ಬೆಳೆಸುವುದರ ಕಡೆಗೆ ಇತ್ತು. ಇದಕ್ಕೆ ‘ಎಇಎಚ್’ ಎಂಬ ದರಪಟ್ಟಿಯೇ ಸಾಕ್ಷಿ. ಆಲ್ ಎಲೆಕ್ಟ್ರಿಕ್ ಹೋಮ್ ಎಂಬುದರ ಸಂಕ್ಷಿಪ್ತ ರೂಪವಾದ ಇದು ದೀಪ, ಶಾಖ ಮತ್ತು ಮೋಟಾರು ಮೂರನ್ನೂ ವಿದ್ಯುತ್ತಿನಿಂದಲೇ ನಡೆಸುವ ಮನೆಗಳ ವರ್ಗ. ಹಳೆಯ ಮನೆಗಳ ಆರ್.ಆರ್. ಸಂಖ್ಯೆಯಲ್ಲಿ, ಅಂದರೆ ಕಂದಾಯ ವಹಿಯಲ್ಲಿ ಗ್ರಾಹಕನಿಗೆ ಕೊಟ್ಟ ಗುರುತಿನ ಸಂಖ್ಯೆಯಲ್ಲಿ, ಆ ಅಕ್ಷರಗಳು ಇಂದಿಗೂ ಕಾಣಸಿಗುತ್ತವೆ. ಬಚ್ಚಲಿನ ತಾಮ್ರದ ಹಂಡೆ, ಸೌದೆ ಒಲೆ, ಹೊಟ್ಟಿನ ಒಲೆಗಳ ಜಾಗಕ್ಕೆ ಗೀಸರು ಬಂದದ್ದು ಈ ಹಾದಿಯಲ್ಲಿಯೇ. ಹೊಗೆಯಿಂದ ಹೆಂಗಸರ ಕಣ್ಣು, ಶ್ವಾಸಕೋಶಗಳಿಗೆ ಸಿಕ್ಕ ಬಿಡುಗಡೆ ಸಣ್ಣದಲ್ಲ. ಅದನ್ನು ಮರೆತು ಗೀಸರನ್ನು ಬರಿದೇ ದೂರುವುದು ನ್ಯಾಯವಲ್ಲ.

ಆದರೆ ವಿದ್ಯುತ್ತಿನ ಮೂಲ ಅಷ್ಟರಲ್ಲಿ ಬದಲಾಗತೊಡಗಿತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಜಲಾಶಯಗಳನ್ನು ಮಾತ್ರ ನಂಬಿದ್ದ ರಾಜ್ಯ ವಿದ್ಯುತ್ ಕಡಿತಗಳನ್ನು ಅನುಭವಿಸಿ, 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ 210 ಮೆಗಾವ್ಯಾಟಿನ ಮೊದಲ ಕಲ್ಲಿದ್ದಲು ಘಟಕವನ್ನು ನಡೆಸಲಾರಂಭಿಸಿತು. ಅಂದಿನಿಂದ ಬಸವೇಶ್ವರನಗರದ ಬಚ್ಚಲಿನ ಬಿಸಿನೀರಿಗೂ ಶಕ್ತಿನಗರದ ಹಾರುಬೂದಿಗೂ ಸಂಬಂಧ ಏರ್ಪಟ್ಟಿತು. ಕಲ್ಲಿದ್ದಲನ್ನು ಸುಟ್ಟಾಗ ಬರುವ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ; ಅದನ್ನು ನೂರಾರು ಕಿಲೋಮೀಟರು ತಂತಿಯಲ್ಲಿ ಸಾಗಿಸಿ, ದಾರಿಯಲ್ಲಿ ಮತ್ತಷ್ಟನ್ನು ಕಳೆದುಕೊಂಡು, ಕೊನೆಗೆ ಮತ್ತೆ ಶಾಖವನ್ನಾಗಿಯೇ ಮಾಡಿ ಒಂದು ಬಕೆಟ್ ನೀರು ಕಾಯಿಸುವುದು ಮನೆಯ ಎಲ್ಲ ಬಳಕೆಗಳಲ್ಲಿ ಅತ್ಯಂತ ದುಬಾರಿಯಾದ ವ್ಯವಹಾರ.

ಈ ಮಾತನ್ನು ಅಂಕಿ ಅಂಶಗಳೊಂದಿಗೆ ಹೇಳಿದವರು ಬೆಂಗಳೂರಿನಲ್ಲೇ ಇದ್ದರೆಂಬುದು ಈ ಇತಿಹಾಸದ ಹೆಮ್ಮೆಯ ಭಾಗ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರು 1983ರಲ್ಲಿ ಬಿ. ಸುಧಾಕರ ರೆಡ್ಡಿ ಅವರೊಡನೆ ಬೆಂಗಳೂರಿನ ಸೌದೆ ಬಳಕೆಯ ಅಧ್ಯಯನವನ್ನು ಪ್ರಕಟಿಸಿ, ಮನೆಯ ಇಂಧನ ಯಾವುದೆಂಬುದನ್ನು ಆ ಮನೆಯ ವರಮಾನವೇ ನಿರ್ಧರಿಸುತ್ತದೆಂದು ತೋರಿಸಿದರು. 1987ರಲ್ಲಿ ರಾಜ್ಯದ ದೀರ್ಘಾವಧಿ ವಿದ್ಯುತ್ ಯೋಜನಾ ಸಮಿತಿ 2000ದ ಹೊತ್ತಿಗೆ ಬೇಕಾಗುವ ವಿದ್ಯುತ್ತನ್ನು ಅಂದಾಜು ಮಾಡಿ ದೊಡ್ಡ ದೊಡ್ಡ ಸ್ಥಾವರಗಳ ಪಟ್ಟಿ ಕೊಟ್ಟಾಗ, ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು: ಜನರಿಗೆ ಬೇಕಾದದ್ದು ಯೂನಿಟ್ಟೋ, ಯೂನಿಟ್ಟಿನಿಂದ ಸಿಗುವ ಬೆಳಕು, ಬಿಸಿನೀರು, ಗಾಳಿಯೋ? ಪ್ರತಿಯೊಂದು ಅಂತಿಮ ಬಳಕೆಯನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕಿ, ದಕ್ಷ ದೀಪ, ಸೌರ ಜಲತಾಪಕ ಮೊದಲಾದವನ್ನು ಬಳಸಿದರೆ ಸಮಿತಿ ಹೇಳಿದ್ದರ ಸುಮಾರು ಐದರಲ್ಲಿ ಎರಡು ಪಾಲಿನಷ್ಟು ವಿದ್ಯುತ್ತು ಸಾಕೆಂದು 1991ರಲ್ಲಿ ಅವರು ಮಂಡಿಸಿದ ‘ಡೆಫೆಂಡಸ್’ ಯೋಜನೆ ತೋರಿಸಿತು. ಇಡೀ ರಾಜ್ಯದ ಮಟ್ಟದಲ್ಲಿ ನಡೆದ ಈ ಕೆಲಸ ತತ್ತ್ವದಲ್ಲಿ ಒಂದು ಮನೆಯ ಲೆಕ್ಕಪರಿಶೋಧನೆಯೇ ಆಗಿತ್ತು.

ಆ ಚಿಂತನೆಯ ಫಲ ತಡವಾಗಿ, ತುಣುಕು ತುಣುಕಾಗಿ ಮನೆಗಳನ್ನು ತಲುಪಿತು. 2002ರಲ್ಲಿ ಹುಟ್ಟಿದ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಬೆಸ್ಕಾಂ, 2004ರ ಕೊನೆಯಲ್ಲಿ ಸಿಎಫ್‌ಎಲ್ ದೀಪಗಳನ್ನು ಕೊಂಡು ಬಿಲ್ಲಿನ ಜೊತೆ ಕಂತಿನಲ್ಲಿ ಹಣ ಕಟ್ಟುವ ಯೋಜನೆ ತಂದಿತು. 2015ರ ಡಿಸೆಂಬರಿನಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ ಎಲ್‌ಇಡಿ ದೀಪಗಳು ಬಂದವು. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 9 ಯೂನಿಟ್ ಸುಡುತ್ತಿದ್ದ ಕಡೆ 9 ವ್ಯಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ಟೂ ಬೇಡ. 2007ರಲ್ಲಿ ಸರ್ಕಾರ ನಿರ್ದಿಷ್ಟ ಅಳತೆಗಿಂತ ದೊಡ್ಡ ಹೊಸ ಮನೆಗಳಿಗೆ ಸೌರ ಜಲತಾಪಕವನ್ನು ಕಡ್ಡಾಯ ಮಾಡಿ, ಬಳಸುವವರಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಟ್ಟಿತು. ಪಟ್ಟಣ ಪುರಸಭೆಯಾಗಿದ್ದ ಕೆಂಗೇರಿ ಅದೇ ವರ್ಷ ಮಹಾನಗರಕ್ಕೆ ಸೇರಿ, ಅಲ್ಲಿಂದಾಚೆಗೆ ಅದರ ಸುತ್ತ ಬೆಳೆದ ಬಡಾವಣೆಗಳ ತಾರಸಿಗಳಲ್ಲಿ ನೀರಿನ ಟ್ಯಾಂಕಿನ ಪಕ್ಕ ಸೋಲಾರ್ ಕೂಡ ಸಾಮಾನ್ಯ ದೃಶ್ಯವಾಯಿತು. ಈ ಎಲ್ಲ ಕ್ರಮಗಳಲ್ಲಿ ಅತ್ಯಂತ ಫಲಪ್ರದವಾದುದು ಸೌರ ಜಲತಾಪಕವೇ ಎಂದು ಹೇಳಬೇಕು. 2 ಕಿಲೋವ್ಯಾಟಿನ ಗೀಸರು ದಿನಕ್ಕೆ ಅರ್ಧ ಗಂಟೆ ಉರಿದರೂ ತಿಂಗಳಿಗೆ 30 ಯೂನಿಟ್ ಆಗುತ್ತದೆ. ದೇಶದ ಜಾಲದಲ್ಲಿ ಯೂನಿಟ್ಟಿಗೆ ಸರಾಸರಿ 0.7 ಕಿಲೋಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬರುವ ಲೆಕ್ಕದಲ್ಲಿ ಇದೊಂದರ ಪಾಲೇ 21 ಕಿಲೋ.

2001ರ ಇಂಧನ ಸಂರಕ್ಷಣಾ ಕಾಯಿದೆ ಲೆಕ್ಕಪರಿಶೋಧನೆಯನ್ನು ದೊಡ್ಡ ಬಳಕೆದಾರರಿಗೆ ಮಾತ್ರ ಕಡ್ಡಾಯಗೊಳಿಸುವ ದಾರಿ ಹಿಡಿದು, ಮನೆಗಳನ್ನು ಉಪಕರಣಗಳ ಮೇಲಿನ, ದಕ್ಷತೆ ತೋರಿಸುವ ನಕ್ಷತ್ರ ಚಿಹ್ನೆಗಳಿಗೆ ಒಪ್ಪಿಸಿತು. ಮನೆಗಳವರು ತಮ್ಮ ಬಳಕೆಯ ಸರಾಸರಿಯನ್ನು ನಿಜಕ್ಕೂ ಹುಡುಕಿ ನೋಡಿದ್ದು ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದ ಸಂದರ್ಭದಲ್ಲಿ. ಹಿಂದಿನ ಆರ್ಥಿಕ ವರ್ಷದ ಸರಾಸರಿಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ ಮಿತಿ ಗೊತ್ತುಮಾಡಿದ್ದರಿಂದ, ತಿಂಗಳಿಗೆ 100 ಯೂನಿಟ್ ಬಳಸುತ್ತಿದ್ದ ಮನೆ 110ರ ಗೆರೆಯನ್ನು ಗಮನಿಸತೊಡಗಿತು. ಬಡ ಮನೆಗೆ ನೆಮ್ಮದಿ ತಂದ ಈ ಯೋಜನೆ ಗೆರೆಯ ಒಳಗಿನ ಉಳಿತಾಯಕ್ಕೆ ಯಾವ ಪ್ರತಿಫಲವನ್ನೂ ಇಡಲಿಲ್ಲ. ಹೆಚ್ಚು ಬಳಸಿದಷ್ಟೂ ಹೆಚ್ಚು ದರ ತೆರಬೇಕಾದ ಸ್ಲ್ಯಾಬ್ ಪದ್ಧತಿಯನ್ನೂ 2024ರ ಏಪ್ರಿಲ್‌ನಿಂದ ಕೈಬಿಟ್ಟು, ಯೂನಿಟ್ಟಿಗೆ 5 ರೂಪಾಯಿ 90 ಪೈಸೆಯ ಒಂದೇ ದರ ಮಾಡಿದ್ದರಿಂದ, ಬಿಲ್ಲಿನ ಮೂಲಕವೇ ಮಿತವ್ಯಯವನ್ನು ಕಲಿಸುತ್ತಿದ್ದ ಒಂದು ಹಳೆಯ ಉಪಾಯ ಕೈತಪ್ಪಿತು.

ಈಗ ಲೆಕ್ಕಕ್ಕೆ ಹೊಸ ಕಾಲಂ ಒಂದು ಸೇರಬೇಕಾಗಿದೆ, ಅದು ಗಂಟೆಯದು. ಪಾವಗಡದ 2,050 ಮೆಗಾವ್ಯಾಟಿನ ಸೌರ ಪಾರ್ಕು ಹಗಲು ಹೊತ್ತಿನ ಯೂನಿಟ್ಟನ್ನು ಹಗುರಗೊಳಿಸಿದೆ, ಆದರೆ ಸೂರ್ಯ ಮೇಲೇರುವ ಮುನ್ನ ಒಟ್ಟಿಗೇ ಉರಿಯುವ ಗೀಸರುಗಳಿಗೆ ಅದರ ನೆರವು ಸಿಗದು. ಬಟ್ಟೆ ಒಗೆಯುವ ಯಂತ್ರ, ನೀರೆತ್ತುವ ಮೋಟಾರು, ಇಸ್ತ್ರಿಪೆಟ್ಟಿಗೆಗಳನ್ನು ನಡುಹಗಲಿಗೆ ಸರಿಸಿದರೆ ಅಷ್ಟೇ ಯೂನಿಟ್ಟಿನ ಪರಿಸರದ ಭಾರ ಕಡಿಮೆಯಾಗುತ್ತದೆ. ತಮ್ಮ ಮನೆಯ ಲೆಕ್ಕ ಹಿಡಿಯಲು ಮನಸ್ಸು ಮಾಡುವವರು ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಉಪಕರಣಗಳ ವ್ಯಾಟು ಮತ್ತು ಬಳಕೆಯ ಹೊತ್ತನ್ನು ಒಂದು ಹಾಳೆಯಲ್ಲಿ ಬರೆದು, ಮೊದಲು ಬಚ್ಚಲಿನಿಂದ ಆರಂಭಿಸಲಿ.