ಅಂಜುದೀವದ ಬಿಳಿ ಬಾವುಟ

ಡಿಸೆಂಬರ್ 19 ಬಂತೆಂದರೆ ಗೋವಾ ವಿಮೋಚನೆಯ ಭಾಷಣ ಕೇಳುತ್ತೇವೆ. ಅದರ ಹಿಂದಿನ ದಿನ, ಕಾರವಾರದ ಕಣ್ಣೆದುರೇ ಹರಿದ ರಕ್ತದ ಮಾತನ್ನು ಯಾರೂ ಎತ್ತುವುದಿಲ್ಲ. ಗೋಪನಕೊಪ್ಪದಾಗ ಕೂತ ನಮಗ ಕಾರವಾರ ದೂರದ್ದೇನಲ್ಲ. ಅಂಕೋಲಾ ರಸ್ತೆ ಹಿಡಿದು ಬರುವ ಒಣಮೀನು ತಿಂದು ಬೆಳೆದವರು ನಾವು. ಆದರೂ ಡಿಗ್ರಿ ಮುಗಿಯೋತನಕ ಅಂಜುದೀವ ಅನ್ನೋ ನಡುಗಡ್ಡೆ ಐತಿ ಅಂತ ಯಾವ ಪುಸ್ತಕಾನೂ ನಮಗ ಹೇಳಲಿಲ್ಲ.

ಬಿಣಗಾ-ಅರಗಾ ದಂಡೆಯ ಎದುರಿಗಿರುವ ತುಂಡು ನೆಲ ಅದು. ಸಿಹಿನೀರಿನ ಒರತೆ ಇತ್ತು, ಅದಕ್ಕೇ ಹಡಗಿನವರ ಕಣ್ಣು ಅದರ ಮೇಲೆ. 1498ರಲ್ಲಿ ವಾಸ್ಕೊ ಡ ಗಾಮ ಅಲ್ಲಿ ತಂಗಿದ. 1505ರಲ್ಲಿ ಅಲ್ಮೇಡಾ ಕೋಟೆ ಕಟ್ಟಿಸಿದ. 1664ರಲ್ಲಿ, ಪೋರ್ತುಗೀಜರು ಮುಂಬಯಿ ಬಿಟ್ಟುಕೊಡಲು ತಡ ಮಾಡಿದ್ದಕ್ಕೆ, ಇಂಗ್ಲಿಷ್ ಸಿಪಾಯಿಗಳು ಇಲ್ಲಿ ಕಾದು ಕೂತು ರೋಗ ಹತ್ತಿ ಬಹುಪಾಲು ಸತ್ತೇಹೋದರು. ದೊರೆಗಳ ವ್ಯವಹಾರ, ಸಿಪಾಯಿಗಳ ಹೆಣ.

1961ರ ನವೆಂಬರಿನಲ್ಲಿ ದ್ವೀಪದ ಪೋರ್ತುಗೀಜ್ ಕಾವಲುಪಡೆ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿತು. ಅದೇ ತಿಂಗಳು, ಹೊಟ್ಟೆಪಾಡಿಗೆ ಬಲೆ ಹಿಡಿದು ಹೋದ ಮೀನುಗಾರನೊಬ್ಬ ಅವರ ಗುಂಡಿಗೆ ಸತ್ತ. ಡಿಸೆಂಬರ್ 18ರ ಬೆಳಗ್ಗೆ ‘ತ್ರಿಶೂಲ’, ‘ಮೈಸೂರು’ ಯುದ್ಧನೌಕೆಗಳು ಬಂದವು. (ನಮ್ಮ ರಾಜ್ಯದ ಹೆಸರೂ ಆಗ ಮೈಸೂರೇ, ಹಡಗು ಮಾತ್ರ ಬ್ರಿಟಿಷರಿಂದ ಕೊಂಡ ಹಳೇದು.) ನೌಕಾಪಡೆಯವರು ಹೇಳುವ ಪ್ರಕಾರ ದ್ವೀಪದ ಮೇಲೆ ಬಿಳಿ ಬಾವುಟ ಕಂಡಿತ್ತು. ಶರಣಾದರು ಅಂತ ನಂಬಿ ದೋಣಿಯಲ್ಲಿ ಹೊರಟ ಹುಡುಗರ ಮೇಲೆ ಗುಂಡಿನ ಮಳೆ ಸುರಿಯಿತು. ಏಳು ಮಂದಿ ಸತ್ತರು. ‘ಮೈಸೂರಿ’ನ ಫಿರಂಗಿಗಳು ಮಾತಾಡಿದ ಮೇಲೆ, ಮರುದಿನ ದ್ವೀಪ ಕೈಗೆ ಬಂತು.

ಪರಂಗಿ ಹೋದ, ಸರಿ. ಆಮೇಲೆ ದಂಡೆಯ ಜನಕ್ಕ ಏನು ಸಿಕ್ತು? ದ್ವೀಪದಲ್ಲಿ ಒರತೆಯ ತಾಯಿಯ ಚರ್ಚ್ ಇದೆ. ಫೆಬ್ರವರಿ 2ರ ಹಬ್ಬಕ್ಕೆ ಜನ ದೋಣಿ ಏರಿ ಹೋಗುತ್ತಿದ್ದರು. ನೌಕಾನೆಲೆ ಬಂದ ಮೇಲೆ ಭದ್ರತೆಯ ಹೆಸರಿನಲ್ಲಿ ಅದು ನಿಂತಿತು. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. 2005ರಲ್ಲಿ ‘ಕದಂಬ’ ನೆಲೆ ಶುರುವಾಯಿತು. ಕಾರವಾರ, ಅಂಕೋಲಾ ತಾಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಹರಿಕಂತ್ರರ ಬಲೆ, ಹಾಲಕ್ಕಿಗಳ ಗದ್ದೆ ಎಲ್ಲಾ ಹೋತು. ಪರಿಹಾರದ ರೊಕ್ಕಕ್ಕ ಕೋರ್ಟು-ಕಚೇರಿ ಸುತ್ತಿ ಒಂದು ತಲೆಮಾರೇ ಸವೆದುಹೋಯಿತು. ಸ್ವಂತ ಮಣ್ಣಿನಲ್ಲೇ ಅವರಿಗೆ ಬಿದ್ದ ಹೆಸರು ನೋಡ್ರಿ: ‘ಸೀಬರ್ಡ್ ನಿರಾಶ್ರಿತರು’.

ಏಳು ನಾವಿಕರ ಸ್ಮಾರಕ ದ್ವೀಪದಲ್ಲಿದೆ, ಇರಲೇಬೇಕು. ಅದಕ್ಕೂ ಮೊದಲು ಸತ್ತ ಆ ಮೀನುಗಾರನ ಮಂದಿ ಇವತ್ತು ಆ ಕಲ್ಲಿಗೆ ಕೈಮುಗೀಬೇಕಂದ್ರೂ ನೌಕಾಪಡೆಯ ಅಪ್ಪಣೆ ಕೇಳಬೇಕು.