ಎಳವೆಯ ಆಟ ಬಾಳುದ್ದಕ್ಕೂ ಉಳಿಯಬೇಕಾದರೆ

ಉಡುಪಿ: ಪರೀಕ್ಷಾ ಫಲಿತಾಂಶದ ಪಟ್ಟಿಯಲ್ಲಿ ಉಡುಪಿ ಜಿಲ್ಲೆ ಮೇಲಿರುವುದು ರಾಜ್ಯದ ಓದುಗರಿಗೆ ಹೊಸ ಸಂಗತಿಯಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ. 94, 2025ರ ದ್ವಿತೀಯ ಪಿಯುಸಿಯಲ್ಲಿ ಶೇ. 93.90 ಫಲಿತಾಂಶದೊಂದಿಗೆ ಜಿಲ್ಲೆ ಪ್ರಥಮ ಸ್ಥಾನ ಪಡೆದಿತ್ತು. ಈ ಹೆಗ್ಗಳಿಕೆಗೆ ಇನ್ನೊಂದು ಮಗ್ಗುಲೂ ಇದೆ. ಏಳನೆಯ ತರಗತಿಯವರೆಗೆ ಸಂಜೆಯಾದರೂ ಮೈದಾನ ಬಿಡದ ಮಕ್ಕಳಲ್ಲಿ ಅನೇಕರು ಹತ್ತನೆಯ ತರಗತಿ ಮುಟ್ಟುವ ಹೊತ್ತಿಗೆ ಟ್ಯೂಷನ್ ಮತ್ತು ವಿಶೇಷ ತರಗತಿಗಳ ನಡುವೆ ಆಟವನ್ನು ಮರೆತಿರುತ್ತಾರೆ. ಆಟದಲ್ಲಿ ಉಳಿದ ಕೆಲವರಿಗೋ ಅದು ಪದಕ, ಪ್ರಮಾಣಪತ್ರ, ಕ್ರೀಡಾ ಕೋಟಾದ ಸೀಟು ಎಂಬ ಮತ್ತೊಂದು ಪರೀಕ್ಷೆಯಾಗಿ ಪರಿಣಮಿಸುತ್ತದೆ. ಒಂದೋ ಆಟವೇ ಇಲ್ಲ, ಇಲ್ಲವೇ ಆಟವೆಲ್ಲ ಪೈಪೋಟಿ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಬೆವರು ಬರುವಂತೆ ಚಟುವಟಿಕೆಯಲ್ಲಿ ತೊಡಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗಳ ಬಳಗದಲ್ಲಿ ಪ್ರಕಟವಾದ ಆ ಸಂಸ್ಥೆಯ ಅಧ್ಯಯನದ ಪ್ರಕಾರ, 11ರಿಂದ 17 ವರ್ಷದವರಲ್ಲಿ ವಿಶ್ವದಲ್ಲಿ ಶೇ. 81ರಷ್ಟು, ಭಾರತದಲ್ಲಿ ಸುಮಾರು ಶೇ. 74ರಷ್ಟು ಮಂದಿ ಈ ಮಟ್ಟವನ್ನು ತಲುಪುತ್ತಿರಲಿಲ್ಲ.

ತಡವಾಗಿ ಕೈಹಿಡಿದ ಆಟ

ಚಿಕ್ಕಂದಿನಲ್ಲೇ ಒಂದು ಆಟವನ್ನು ಹಿಡಿದು ವರ್ಷವಿಡೀ ಅದನ್ನೇ ಅಭ್ಯಾಸ ಮಾಡಿಸಿದರೆ ಮಾತ್ರ ಮಗು ಮೇಲೆ ಬರುತ್ತದೆ ಎಂಬ ನಂಬಿಕೆ ಪೋಷಕರಲ್ಲಿ ಬಲವಾಗಿದೆ. ಜಿಲ್ಲೆಯ ಸಾಧಕರ ಬದುಕು ಬೇರೆಯದನ್ನೇ ಹೇಳುತ್ತದೆ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ಭಾರತ ಮಹಿಳಾ ಕಬಡ್ಡಿ ತಂಡದಲ್ಲಿದ್ದವರು, ಅರ್ಜುನ ಪ್ರಶಸ್ತಿ ಪುರಸ್ಕೃತರು. ವಿದ್ಯಾರ್ಥಿ ದೆಸೆಯಲ್ಲಿ ಅವರು ಕಬಡ್ಡಿಯ ಜತೆಗೆ ವಾಲಿಬಾಲ್, ಗುಂಡೆಸೆತಗಳಲ್ಲೂ ಕಾಣಿಸಿಕೊಂಡಿದ್ದರು. ಕುಂದಾಪುರ ತಾಲೂಕಿನ ವಂಡ್ಸೆಯ ಗುರುರಾಜ ಪೂಜಾರಿ ಮೊದಲು ಕನಸು ಕಂಡದ್ದು ಕುಸ್ತಿಪಟುವಾಗಬೇಕೆಂದು. 2008ರ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಗೆದ್ದ ಪದಕ ಅದಕ್ಕೆ ಪ್ರೇರಣೆ. ಭಾರ ಎತ್ತುವುದು ಅವರ ಕೈಹಿಡಿದದ್ದು ಉಜಿರೆಯಲ್ಲಿ ಕಾಲೇಜು ಸೇರಿದ ಮೇಲೆ. ಅವರು 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಕಂಚು ಗೆದ್ದರು. ಇಬ್ಬರ ಉದಾಹರಣೆಯಿಂದ ನಿಯಮ ಹುಟ್ಟುವುದಿಲ್ಲ, ನಿಜ. ಜಿಮ್ನಾಸ್ಟಿಕ್ಸ್‌ನಂತಹ ಕೆಲವು ಕ್ರೀಡೆಗಳಲ್ಲಿ ಬೇಗನೆ ಆರಂಭಿಸದೆ ಗತ್ಯಂತರವಿಲ್ಲ. ಉಳಿದ ಹೆಚ್ಚಿನ ಕ್ರೀಡೆಗಳಲ್ಲಿ ಮಾತ್ರ 15-16ರ ವಯಸ್ಸಿನವರೆಗೆ ಹಲವು ಆಟಗಳನ್ನು ಆಡಲು ಬಿಡುವುದೇ ಲೇಸೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರ ತನ್ನ ವರದಿಯಲ್ಲಿ ಸ್ಪಷ್ಟಪಡಿಸಿದೆ. ವಾರಕ್ಕೆ ಕನಿಷ್ಠ ಒಂದೆರಡು ದಿನ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆಯಾ ಆಟದಿಂದ ಬಿಡುವು ಇರಬೇಕೆಂಬುದು ಅದೇ ವರದಿಯ ಸಲಹೆ.

ಈ ಎಚ್ಚರಿಕೆಗೆ ಕಾರಣ ದೇಹದಲ್ಲೇ ಇದೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೃದ್ವಸ್ಥಿಯ ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ಎತ್ತರ ದಿಢೀರನೆ ಏರುವ ವಯಸ್ಸಿನಲ್ಲಿ ಒಂದೇ ಚಲನೆಯನ್ನು ಸಾವಿರಾರು ಬಾರಿ ಮಾಡಿದರೆ ಸ್ನಾಯುರಜ್ಜು ಆ ಭಾಗವನ್ನು ಎಳೆದೆಳೆದು ನೋವು ತರುತ್ತದೆ. ಜಿಗಿಯುವ, ಓಡುವ ಮಕ್ಕಳಲ್ಲಿ ಮೊಣಕಾಲಿನ ಕೆಳಗೆ, ಹಿಮ್ಮಡಿಯಲ್ಲಿ ಕಾಣಿಸುವ ನೋವು ಬಹುಮಟ್ಟಿಗೆ ಇಂಥದು. ವೇಗದ ಬೌಲಿಂಗ್ ಮಾಡುವ ಹುಡುಗರಲ್ಲಿ ಬೆನ್ನುಮೂಳೆಯೇ ಬಿರುಕು ಬಿಡುವುದುಂಟು. ‘ಆಡುತ್ತಾ ಸರಿಯಾಗುತ್ತದೆ’ ಎಂದು ಸಮಾಧಾನ ಹೇಳಿ ಮಗುವನ್ನು ಮತ್ತೆ ಅಂಗಣಕ್ಕಿಳಿಸುವುದು ಅಪಾಯಕಾರಿ. ಎರಡು ವಾರ ಮೀರಿದ ನೋವಿಗೆ ವೈದ್ಯರ ಸಲಹೆ ಪಡೆಯುವುದು ಸೂಕ್ತ. ಗಾಯಕ್ಕಿಂತ ಗುರುತಿಸಲು ಕಷ್ಟವಾದದ್ದು ಮನಸ್ಸಿನ ದಣಿವು. ನಿದ್ರೆ ಕೆಡುವುದು, ಅಭ್ಯಾಸದ ದಿನವೇ ಹೊಟ್ಟೆನೋವು ಬರುವುದು, ಗೆದ್ದಾಗಲೂ ಮುಖ ಅರಳದಿರುವುದು ಅದರ ಲಕ್ಷಣಗಳು.

ಮಳೆಗಾಲ ಕಲಿಸಿದ ಬಿಡುವು

ಕರಾವಳಿಯಲ್ಲಿ ಈ ಬಿಡುವನ್ನು ಹಿಂದೆ ಮಳೆಯೇ ಕೊಡುತ್ತಿತ್ತು. ಜೂನ್‌ನಿಂದ ಮೈದಾನ ನೀರು ತುಂಬಿ ಓಟ, ಕ್ರಿಕೆಟ್‌ಗಳು ನಿಂತರೆ ಆಟಿ ತಿಂಗಳಲ್ಲಿ ಚೆನ್ನೆಮಣೆ ಹೊರಬರುತ್ತಿತ್ತು. ಮಳೆ ತೆರವಾದ ಮೇಲೆ ಲಗೋರಿ, ಚಿನ್ನಿದಾಂಡು. ಬೇಸಗೆಯ ರಾತ್ರಿಗಳಿಗೆ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾಟ. ಇದನ್ನು ಯಾವ ಕ್ರೀಡಾ ವಿಜ್ಞಾನಿಯೂ ಯೋಜಿಸಿರಲಿಲ್ಲ. ಈಗ ಊರೂರಿನಲ್ಲಿ ನಡೆಯುವ ‘ಕೆಸರ್‌ಡೊಂಜಿ ದಿನ’ದಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ಗದ್ದೆಯಲ್ಲಿ ಹಗ್ಗ ಜಗ್ಗುತ್ತಾರೆ, ಯಾರು ಗೆದ್ದರೆಂಬುದು ಮರುದಿನ ಯಾರಿಗೂ ನೆನಪಿರುವುದಿಲ್ಲ.

ದೊಡ್ಡವರಾದ ಮೇಲೂ ಆಡುವವರು ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅಜ್ಜರಕಾಡು ಕ್ರೀಡಾಂಗಣ, ಮಣಿಪಾಲದ ಎಂಡ್ ಪಾಯಿಂಟ್, ಕಾಪುವಿನ ಕಡಲತೀರ, ಕಾರ್ಕಳದ ಮೈದಾನ ಇಂಥವರಿಗೆ ಒದಗುವ ತಾಣಗಳು. ಕೊರತೆಯಿರುವುದು ಪ್ರೌಢಶಾಲೆಗೂ ಈ ವಯಸ್ಸಿಗೂ ನಡುವಿನ ಸೇತುವೆಯಲ್ಲಿ.

ಆ ಸೇತುವೆಯನ್ನು ನಿಯಮದ ಮೂಲಕವೇ ಕಟ್ಟಿದ ದೇಶ ನಾರ್ವೆ. ಮಕ್ಕಳ ಕ್ರೀಡಾ ಹಕ್ಕುಗಳನ್ನು ಅಲ್ಲಿನ ಕ್ರೀಡಾ ಒಕ್ಕೂಟ 2007ರಲ್ಲಿ ಅಂಗೀಕರಿಸಿತು. ಅದರಂತೆ 11 ವರ್ಷಕ್ಕೆ ಮುನ್ನ ಫಲಿತಾಂಶ, ಶ್ರೇಯಾಂಕಗಳ ಪಟ್ಟಿ ಇಲ್ಲ. 13ಕ್ಕೆ ಮುನ್ನ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಹಾಗೆಂದು ನಾರ್ವೆ ಪದಕಕ್ಕೆ ಬೆನ್ನು ಹಾಕಿತೆಂದಲ್ಲ. 55 ಲಕ್ಷದಷ್ಟು ಜನಸಂಖ್ಯೆಯ ಆ ದೇಶವೇ 2018 ಮತ್ತು 2022ರ ಚಳಿಗಾಲದ ಒಲಿಂಪಿಕ್ಸ್ ಪದಕಪಟ್ಟಿಯಲ್ಲಿ ಅಗ್ರಸ್ಥಾನದಲ್ಲಿತ್ತು.

ನಮ್ಮ ಶಾಲಾ ಕ್ರೀಡಾಕೂಟಗಳು ಇದಕ್ಕೆ ತದ್ವಿರುದ್ಧ. ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ಪ್ರತಿ ಹಂತದಲ್ಲೂ ಮಕ್ಕಳನ್ನು ಹೊರಗಿಡುತ್ತಾ ಹೋಗುವುದೇ ಅವುಗಳ ಕ್ರಮ. ವಲಯ ಮಟ್ಟದಲ್ಲಿ ಸೋತ ತಂಡಕ್ಕೆ ಆ ವರ್ಷದ ಕ್ರೀಡೆ ಒಂದೇ ದಿನದಲ್ಲಿ ಮುಗಿದಂತೆ. ಎಂಟು ತಂಡಗಳ ನಾಕೌಟ್‌ನಲ್ಲಿ ನಡೆಯುವುದು ಏಳು ಪಂದ್ಯ; ನಾಲ್ಕು ತಂಡಗಳಿಗೆ ದಕ್ಕುವುದು ಒಂದೊಂದೇ. ಅದೇ ಎಂಟು ತಂಡಗಳನ್ನು ಎರಡು ಗುಂಪುಗಳಾಗಿಸಿ ಲೀಗ್ ಆಡಿಸಿದರೆ ಪ್ರತಿ ತಂಡಕ್ಕೂ ಮೂರು ಪಂದ್ಯ, ಫೈನಲ್ ಸೇರಿ ಒಟ್ಟು 13. ಪಂದ್ಯದ ಅವಧಿಯನ್ನು ತುಸು ಮೊಟಕುಗೊಳಿಸಿ ಎರಡು ಅಂಕಣ ಹಾಕಿದರೆ ಇದನ್ನು ಒಂದೇ ದಿನದಲ್ಲಿ ಮುಗಿಸಬಹುದು. ಇದಕ್ಕೆ ಹೊಸ ಕ್ರೀಡಾಂಗಣವಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಬೇಕಾಗುವುದು ಸುಣ್ಣದ ಪುಡಿ ಮತ್ತು ಇನ್ನೊಬ್ಬ ತೀರ್ಪುಗಾರರು.